ಮಳೆಗಾಲದಲ್ಲಿ ಸ್ನೇಕ್ ಪ್ಲಾಂಟ್ ಒಳಗಿರಲಿ

ಮಂಗಳೂರಿನ ಮಳೆ ಹಿಡಿಯುವ ಮೊದಲೇ ಸಿಟೌಟಿನ ಸ್ನೇಕ್ ಪ್ಲಾಂಟನ್ನು ಒಳಗೆ ತನ್ನಿ. ಕಳೆದ ಜುಲೈಯಲ್ಲಿ ನಾನು ಮಾಡಿನ ನೀರು ಬೀಳುವಲ್ಲೇ ಬಿಟ್ಟಿದ್ದೆ. ಬುಡ ಕೊಳೆತು, ಎಲೆ ಹಿಡಿದರೆ ಕೈಗೇ ಬಂತು! ದಪ್ಪ ಎಲೆಯಲ್ಲೇ ನೀರು ಇಟ್ಟುಕೊಳ್ಳುವ ಗಿಡ ಇದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಸಾಕು, ಅದೂ ಬೆರಳನ್ನು 2 ಇಂಚು ಇಳಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ. ಬೇಸಿಗೆಯಲ್ಲಿ 10-15 ದಿನಕ್ಕೊಮ್ಮೆ.

ನಮ್ಮ ಕೆಂಪು ಮಣ್ಣು ಒಂದೇ ಹಾಕಬೇಡಿ, ಅರ್ಧಕ್ಕರ್ಧ ಮರಳು ಬೆರೆಸಿ. ತೆಂಗಿನ ನಾರಿನ ಪುಡಿ ನಾನಂತೂ ಬಿಟ್ಟೆ, ತೇವ ಆರುವುದೇ ಇಲ್ಲ ಮಾರಾಯ್ರೆ.

ಎಲೆ ತುಂಡು ನೆಟ್ಟರೂ ಚಿಗುರುತ್ತದೆ. ಆದರೆ ಹಳದಿ ಅಂಚಿನ ಗಿಡವಾದರೆ ಮರಿ ಬರೀ ಹಸಿರು. ಅಂಚು ಬೇಕಾದರೆ ಬುಡದ ಮರಿಯನ್ನೇ ಬೇರು ಸಮೇತ ಬಿಡಿಸಿ ನೆಡಿ. ಬೆಕ್ಕು ಇದ್ದರೆ ಎತ್ತರದಲ್ಲಿಡಿ, ತಿಂದರೆ ವಾಂತಿ ಮಾಡುತ್ತದೆ.