ಸಂಶೋಧನಾ ಪ್ರಾಣಿಗೃಹವನ್ನು ಪ್ರಾಣಿಪಾಲಕರ ಜೊತೆಗೂಡಿ ನಡೆಸುವ ಬಗೆ

ಪುಣೆಯಲ್ಲಿ ಪ್ರಾಣಿಗೃಹವೊಂದರ ಮೇಲ್ವಿಚಾರಣೆಗೆ ಬಂದವರು ಮೊದಲು ಓದಬೇಕಾದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿ ಪ್ರಾಣಿ ಪ್ರಯೋಗಗಳ ಬಗ್ಗೆ ಬಂದ 1998ರ ನಿಯಮಗಳನ್ನು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಲ್ಲಿ ವಿಜ್ಞಾನಿಗಳು, ಪಶುವೈದ್ಯರು, ಹೊರಗಿನ ಸದಸ್ಯರು ಇರುತ್ತಾರೆ. ದಿನವೂ ಪಂಜರ ತೊಳೆದು ನೀರಿಡುವ ಪಾಲಕರಿಗೆ ಮಾತ್ರ ಅಲ್ಲಿ ಗೊತ್ತುಪಡಿಸಿದ ಸ್ಥಾನವಿಲ್ಲ. ಆದ್ದರಿಂದ ಪ್ರಯೋಗಕ್ಕೆ ಅನುಮತಿ ಕೋರುವ ಅರ್ಜಿ ಸಮಿತಿಗೆ ಹೋಗುವ ಮುನ್ನವೇ ಅವರನ್ನು ಕೂರಿಸಿಕೊಂಡು, ಎಷ್ಟು ಪ್ರಾಣಿಗಳು ಬೇಕು, ಪ್ರಯೋಗವನ್ನು ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬುದನ್ನು ವಿವರಿಸಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಪಾಲಕರಿದ್ದರೆ ಇಂಗ್ಲಿಷಿನ ಸೂಚನಾ ಹಾಳೆ ಗೋಡೆಗೆ ಅಲಂಕಾರವಷ್ಟೇ. ಮರಾಠಿಯ ಪಕ್ಕದಲ್ಲಿ ಕನ್ನಡದ್ದೂ ಇರಲಿ.

ಸುಂಡಿಲಿಯೊಂದು ಬೆನ್ನು ಗೂನು ಮಾಡಿ, ರೋಮ ಕೆದರಿ, ಕಣ್ಣು ಅರೆಮುಚ್ಚಿ ಮೂಲೆ ಸೇರಿದ್ದರೆ ಅದನ್ನು ಮೊದಲು ಕಾಣುವವರು ಪಾಲಕರೇ. ತೂಕ ಶೇ. 20ರಷ್ಟು ಇಳಿದರೆ ಪ್ರಯೋಗದಿಂದ ತೆಗೆಯಬೇಕೆಂಬುದು ಹಲವೆಡೆ ಬಳಕೆಯಲ್ಲಿರುವ ಮಿತಿ. ಶೇಕಡಾವಾರು ಲೆಕ್ಕವನ್ನು ಅವರಿಗೆ ಬಿಡದೆ, 25 ಗ್ರಾಂ ತೂಗುವ ಪ್ರಾಣಿಯ ಪಂಜರದ ಚೀಟಿಯಲ್ಲಿ ‘ಮಿತಿ 20 ಗ್ರಾಂ’ ಎಂದೇ ಬರೆದಿಡಿ. ಮಿತಿ ಮುಟ್ಟಿದಾಗ ಸಂಶೋಧಕರ ಅಪ್ಪಣೆಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡುವ ಅಧಿಕಾರವನ್ನು ಲಿಖಿತವಾಗಿ ಕೊಡಿ.

ದಯಾಮರಣದ ಕೆಲಸವನ್ನು ಒಬ್ಬರ ತಲೆಗೇ ಕಟ್ಟಬಾರದು. ತಿಂಗಳುಗಟ್ಟಲೆ ಮೇವು ಹಾಕಿ ಸಾಕಿದ ಮೊಲವನ್ನು ಅದೇ ಕೈಗಳು ಕೊಲ್ಲಬೇಕಾಗಿ ಬಂದಾಗ ಆಗುವ ಸಂಕಟವನ್ನು ‘ಅಭ್ಯಾಸವಾಗುತ್ತದೆ’ ಎಂದು ತಳ್ಳಿಹಾಕುವ ಅಧಿಕಾರಿಗಳು ಹೆಚ್ಚಾಗಿ ಆ ಕೋಣೆಗೆ ಕಾಲಿಟ್ಟವರಲ್ಲ. ತರಬೇತಿ ಪಡೆದವರ ನಡುವೆ ಸರದಿ ಮಾಡಿ, ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಆ ದಿನ ಬೇಡವೆನ್ನುವವರಿಗೆ ಕಾರಣ ಕೇಳದೆ ಬೇರೆ ಕೆಲಸ ಕೊಡಿ. ಪ್ರಯೋಗದಿಂದ ಏನು ತಿಳಿಯಿತೆಂಬುದನ್ನು ಸಂಶೋಧಕರೇ ಬಂದು ಪಾಲಕರಿಗೆ ಹೇಳಲಿ.

ಇಲಿಗಳ ಮೂತ್ರದಲ್ಲಿರುವ ಪ್ರೋಟೀನುಗಳು ಅಲರ್ಜಿ, ಉಬ್ಬಸ ತರಬಲ್ಲವು. ಪಂಜರದ ಕೊಳೆಯಾದ ಹಾಸನ್ನು ತೆರೆದ ಕೋಣೆಯಲ್ಲಿ ಕೊಡವಿಸದೆ, ಅಳತೆಗೆ ಹೊಂದುವ ಎನ್-95 ಮಾಸ್ಕ್ ಕೊಟ್ಟು, ಸೀನು, ಕಣ್ಣುರಿ ಶುರುವಾದೊಡನೆ ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ಹಾಸು ಬೇಗ ತೇವಗೊಂಡು ಅಮೋನಿಯಾ ಏರುವುದರಿಂದ ಪಂಜರ ಬದಲಿಸುವ ಅಂತರವನ್ನು ಕಡಿಮೆ ಮಾಡಬೇಕು.

ಗಣೇಶೋತ್ಸವಕ್ಕೆ ಪ್ರತ್ಯೇಕ ಯೋಜನೆ ಬೇಕು. ಢೋಲ್-ತಾಶೆಯ ಸದ್ದಿಗೆ ಬೆದರಿದ ಬಾಣಂತಿ ಸುಂಡಿಲಿ ಮರಿಗಳನ್ನೇ ತಿನ್ನುವುದುಂಟು. ಅದರ ಗರ್ಭಾವಧಿ ಸುಮಾರು 3 ವಾರವಾದ್ದರಿಂದ, ಹೆರಿಗೆ ಆ ದಿನಗಳಲ್ಲಿ ಬೀಳದಂತೆ ಗಂಡು-ಹೆಣ್ಣನ್ನು ಜೊತೆಗೂಡಿಸುವ ದಿನವನ್ನು ಲೆಕ್ಕ ಹಾಕಿ. ವಿಸರ್ಜನೆಯ ದಿನ ರಸ್ತೆಗಳು ಮುಚ್ಚಿರುತ್ತವೆ; ಹಿಂದಿನ ಸಂಜೆಯೇ ಮೇವು-ನೀರು ತುಂಬಿಸಿ, ಸಮೀಪದಲ್ಲಿ ವಾಸಿಸುವವರಿಗೆ ಪಾಳಿ ಹಚ್ಚಿ, ಬಂದವರಿಗೆ ಬದಲಿ ರಜೆಯನ್ನು ಅದೇ ತಿಂಗಳಲ್ಲಿ ಕೊಡಿ.