ಪೆನ್ಸಿಲ್ ಗುರುತು ನೋಡಿ ಥ್ರಿಲ್ಲರ್ ತಿದ್ದಿದೆ

ನನ್ನ ಪಿತೂರಿ ಥ್ರಿಲ್ಲರ್ ಸರಣಿಯ ಮೂರನೇ ಭಾಗ ಅಚ್ಚಾಗಿ ಓದುಗರ ಕೈ ಸೇರಿದೆ. ಎಲ್ಲದರ ಹಿಂದೆ ಇದ್ದವನು ಯಾರೆಂದು ಮೊದಲೇ ಗೊತ್ತಾಯಿತು ಅಂತ ಈ ಸಲ ಹೇಳಿದವರು ಐದಾರು ಜನ ಮಾತ್ರ. ಎರಡನೇ ಭಾಗ ಬಂದಾಗ ಅರ್ಧಕ್ಕರ್ಧ ಜನ ಅದನ್ನೇ ಹೇಳಿದ್ದರು. ಕರಡನ್ನು ಓದುಗರಿಗೆ ಕೊಟ್ಟು ತಿದ್ದುತ್ತೇನೆ ಅಂದಾಗ ಬರೆಯುವ ಗೆಳೆಯರು ಯಾರೂ ಒಪ್ಪಿರಲಿಲ್ಲ. ಗುಟ್ಟು ಬಯಲಾಗುತ್ತದೆ, ಹತ್ತು ಜನ ಹತ್ತು ಮಾತು ಹೇಳಿ ಕಥೆ ಕೆಡಿಸುತ್ತಾರೆ ಅಂದರು. ಗುಟ್ಟು ಬಯಲಾಗಲಿಲ್ಲ. ಹತ್ತು ಮಾತಂತೂ ಬಂದವು. ಅವುಗಳನ್ನು ಬಳಸುವ ದಾರಿ ಕಂಡುಕೊಳ್ಳಲು ಎರಡು ವರ್ಷ ಹಿಡಿಯಿತು.

ಎರಡನೇ ಭಾಗದ ಕರಡನ್ನು ಸುಮಾರು ಮೂವತ್ತು ಪ್ರತಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಹಂಚಿದ್ದೆ. ಜೊತೆಗೆ ನಲವತ್ತು ಪ್ರಶ್ನೆ. ವಾಪಸ್ ಬಂದದ್ದು ಹನ್ನೊಂದೋ ಹನ್ನೆರಡೋ. ಬಹಳಷ್ಟರಲ್ಲಿ "ಚೆನ್ನಾಗಿದೆ", "ವೇಗ ಸಾಲದು" ಅಷ್ಟೇ. ಅದನ್ನು ಇಟ್ಟುಕೊಂಡು ಏನು ತಿದ್ದುವುದು? ಒಂದು ತಿಂಗಳ ಸಂಬಳ ಅದಕ್ಕೇ ಹೋಯಿತು. ಆಮೇಲೆ ದುಡ್ಡು ಕೊಟ್ಟು ಸಲಹೆಗಾರರೊಬ್ಬರಿಂದ ಓದಿಸಿದೆ. ಅದು ಇನ್ನೂ ಜಾಸ್ತಿ. ಅವರು ಬರೆದುಕೊಟ್ಟ ಮೂರು ಪುಟ ಯಾವ ಥ್ರಿಲ್ಲರ್‌ಗೆ ಅಂಟಿಸಿದರೂ ಅಂಟುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ. ಒಬ್ಬ ಓದುಗರ ಮಾತು ಕೇಳಿ ಎರಡನೇ ಖಳನನ್ನು ಸೇರಿಸಿದೆ. ಎರಡು ತಿಂಗಳು ಬರೆದೆ, ಒಂದು ರಾತ್ರಿ ಕೂತು ಎಲ್ಲ ಕಿತ್ತು ಹಾಕಿದೆ.

ಅಲ್ಲಿಂದ ಓದುಗರ ಸಲಹೆ ಕೇಳುವುದನ್ನೇ ಬಿಟ್ಟೆ. ಮೂರನೇ ಭಾಗಕ್ಕೆ ಹದಿನಾಲ್ಕೇ ಪ್ರತಿ, ಜೊತೆಗೊಂದು ಪೆನ್ಸಿಲ್. ಓದುವವರಿಗೆ ಹೇಳಿದ್ದು ಇಷ್ಟು: ಪುಸ್ತಕ ಕೆಳಗಿಟ್ಟ ಜಾಗದಲ್ಲಿ ಒಂದು ಗೆರೆ ಎಳೆಯಿರಿ. ಹಿಂದಿನ ಪುಟ ತಿರುವಿ ನೋಡಬೇಕಾಗಿ ಬಂದರೆ ಒಂದು ಸೊನ್ನೆ ಹಾಕಿ. ನಡುವೆ ಮೂರು ಕಡೆ ಚೀಟಿ ಇರುತ್ತದೆ, ಆಗ ಯಾರ ಮೇಲೆ ಅನುಮಾನವೋ ಅವರ ಹೆಸರು ಬರೆಯಿರಿ. ಇಷ್ಟೇ ಕೆಲಸ. ಹದಿಮೂರು ಪ್ರತಿ ವಾಪಸ್ ಬಂದವು! ಖರ್ಚು ಹಿಂದಿನದರ ಅರ್ಧವೂ ಆಗಲಿಲ್ಲ.

ಏಳು ಜನ ಮೊದಲ ಎರಡು ಭಾಗ ಓದಿದವರು, ಏಳು ಜನ ಹೊಸಬರು. ಸರಣಿ ಬರೆಯುವವರು ಹೀಗೆ ಬೆರೆಸಲೇಬೇಕು. ಹಿಂದಿನ ಕಥೆಯನ್ನು ನಾನು ಒಂದೇ ಅಧ್ಯಾಯದಲ್ಲಿ ನೆನಪಿಸಿದ್ದೆ. ಹಳಬರೆಲ್ಲ ಅಲ್ಲೇ ಪುಸ್ತಕ ಕೆಳಗಿಟ್ಟಿದ್ದರು. ಅದನ್ನು ತೆಗೆದರೆ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ಕೊನೆಗೆ ಆ ಕಥೆಯನ್ನು ಸುಳ್ಳು ಹೇಳುವ ಒಂದು ಪಾತ್ರದ ಬಾಯಲ್ಲಿ ಚೂರುಚೂರಾಗಿ ಹೇಳಿಸಿದೆ. ಹೊಸಬರಿಗೆ ವಿಷಯ ಸಿಕ್ಕಿತು. ಹಳಬರು ಸುಳ್ಳು ಹಿಡಿಯುತ್ತಾ ಕೂತರು. ಇದು ನಾನೇ ಕಂಡುಕೊಂಡ ದಾರಿ, ಹೆಮ್ಮೆ ಇದೆ.

ಒಂದು ಅಧ್ಯಾಯಕ್ಕೆ ಒಂಬತ್ತು ಜನ ಸೊನ್ನೆ ಹಾಕಿದ್ದರು. ನನ್ನ ಗುಪ್ತ ಕೂಟದಲ್ಲಿ ಮೂರು ಸಾವಿರ ಜನ, ಮೂವತ್ತು ವರ್ಷದ ಗುಟ್ಟು. "ಇಷ್ಟು ಜನ ಬಾಯಿ ಮುಚ್ಚಿಕೊಂಡು ಇರ್ತಾರಾ?" ಎಂದು ಒಬ್ಬರು ಅಂಚಿನಲ್ಲೇ ಬರೆದಿದ್ದರು. ಕಥೆ ಅಲ್ವಾ, ನಡೆಯುತ್ತದೆ ಅಂದುಕೊಂಡಿದ್ದೆ. ಆಮೇಲೆ ಭೌತವಿಜ್ಞಾನಿ ಡೇವಿಡ್ ರಾಬರ್ಟ್ ಗ್ರೈಮ್ಸ್ 2016ರಲ್ಲಿ ಪ್ರಕಟಿಸಿದ ಲೆಕ್ಕ ಕಣ್ಣಿಗೆ ಬಿತ್ತು. ಅವರ ಪ್ರಕಾರ ಪಿತೂರಿಯೊಂದು ಐದು ವರ್ಷ ಗುಟ್ಟಾಗಿ ಉಳಿಯಬೇಕಾದರೆ ಅದರಲ್ಲಿ ಸುಮಾರು 2,500 ಜನಕ್ಕಿಂತ ಜಾಸ್ತಿ ಇರಬಾರದು. ನೂರು ವರ್ಷಕ್ಕಾದರೆ 125ರ ಒಳಗೆ. ನಾನು ಕೂಟವನ್ನು ನಲವತ್ತು ಜನಕ್ಕೆ ಇಳಿಸಿದೆ. ಉಳಿದವರು ಏನೂ ಗೊತ್ತಿಲ್ಲದೆ ಕೆಲಸ ಮಾಡುವವರು. ಕಥೆ ತಾನಾಗಿಯೇ ಬಿಗಿಯಾಯಿತು.

ಗುಟ್ಟು ಹೊರಬರುವ ದಾರಿಯಾಗಿ, ಕಥೆಯಲ್ಲಿ ಮೊದಲು ಸಾಯುವವನ ಡೈರಿ ಇಟ್ಟಿದ್ದೆ. ಅಲ್ಲೂ ನಾಲ್ಕು ಗೆರೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಜನರ ಮನಸ್ಸನ್ನು ಹತೋಟಿಗೆ ತರಲು ಗುಟ್ಟಾಗಿ ನಡೆಸಿದ ಎಂಕೆ-ಅಲ್ಟ್ರಾ ಪ್ರಯೋಗಗಳ ಕಡತಗಳನ್ನು 1973ರಲ್ಲಿ ನಾಶ ಮಾಡಿಸಿತ್ತು. ಆದರೂ 1977ರಲ್ಲಿ ಸಾವಿರಾರು ಪುಟ ಸಿಕ್ಕವು. ಅವು ಹಣಕಾಸಿನ ದಾಖಲೆಗಳ ಜೊತೆ ಬೇರೆ ಕಡೆ ಉಳಿದುಹೋಗಿದ್ದವು. ಅದನ್ನು ಓದಿದ ಮೇಲೆ ಡೈರಿ ತೆಗೆದು ಹಳೇ ಬಿಲ್ಲುಗಳನ್ನು ಇಟ್ಟೆ. ತಿದ್ದಿದ ಕರಡನ್ನು ಹೊಸ ಎಂಟು ಜನರಿಗೆ ಕೊಟ್ಟ ಎರಡನೇ ಸುತ್ತಿನಲ್ಲಿ ಅಲ್ಲಿ ಒಂದು ಗೆರೆಯೂ ಇರಲಿಲ್ಲ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ನಾಲ್ವರಿಗೆ ಕೊನೆಯ ಅಧ್ಯಾಯ ಇಲ್ಲದ ಪ್ರತಿ ಕೊಟ್ಟು ಮುಕ್ತಾಯ ಏನಿರಬಹುದು ಎಂದು ಕೇಳಿದೆ. ಇಬ್ಬರು ಒಂದೇ ಕಥೆ ಹೇಳಿದರು, ಚೆನ್ನಾಗಿಯೂ ಇತ್ತು. ಇಬ್ಬರಿಗೆ ಹೊಳೆದದ್ದು ಇನ್ನೂರು ಜನರಿಗೂ ಹೊಳೆಯುತ್ತದೆ, ಹಾಗಾಗಿ ಅತ್ತ ಹೋಗಲೇ ಇಲ್ಲ. ಒಂದೇ ಅಕ್ಷರದಿಂದ ಶುರುವಾಗುವ ಎರಡು ಹೆಸರುಗಳಲ್ಲಿ ಒಂದನ್ನು ಬದಲಿಸಿದ್ದಕ್ಕೇ ಸೊನ್ನೆಗಳು ಎಷ್ಟೋ ಕಡಿಮೆಯಾದವು.

ಎರಡನೇ ಚೀಟಿಯಲ್ಲಿ ಮೊದಲ ಸುತ್ತಿನ ಆರು ಜನ ಸರಿಯಾದ ಹೆಸರು ಬರೆದಿದ್ದರು. ತಿದ್ದಿದ ಮೇಲೆ ಆ ಹೊಸ ಎಂಟು ಜನರಲ್ಲಿ ಒಬ್ಬರೇ. ಚೀಟಿಗಳನ್ನು ಯಾವ ಪುಟಗಳಲ್ಲಿ ಇಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇನ್ನೂ ಎರಡು ಭಾಗ ಬಾಕಿ ಇವೆ.

ನಾಲ್ಕನೇ ಭಾಗದ ಕರಡು ಮುಂದಿನ ವಾರ ಹೊರಡುತ್ತದೆ. ಹಳೆಯ ಹದಿನಾಲ್ಕರಲ್ಲಿ ಮೂವರನ್ನು ಈ ಸಲ ಬಿಡುತ್ತಿದ್ದೇನೆ. ನಾನು ಕಥೆ ಕಟ್ಟುವ ಬಗೆ ಅವರಿಗೆ ಅಭ್ಯಾಸವಾಗಿದೆ, ಮೊದಲ ಚೀಟಿಯಲ್ಲೇ ಹೆಸರು ಬರೆದುಬಿಡುತ್ತಾರೆ.