ಹುಬ್ಬಳ್ಳಿಗೆ ಹೋಗುತ್ತಿದ್ದ ಓಟಿಪಿ: ಸೀರೆ ಅಂಗಡಿಯ ಮಾಹಿತಿ ಕಾಯೋದು ಹೇಗೆ

ನಮ್ಮ ಅಂಗಡಿಯ ಜಿಎಸ್‌ಟಿ ಓಟಿಪಿ ಎರಡು ವರ್ಷ ಹುಬ್ಬಳ್ಳಿಗೆ ಹೋಗುತ್ತಿತ್ತು. ಅಂಗಡಿ ಇರುವುದು ಇಳಕಲ್‌ನಲ್ಲಿ. ಮೊದಲು ಲೆಕ್ಕ ಬರೆಯುತ್ತಿದ್ದವರು ನೋಂದಣಿ ಮಾಡಿಸುವಾಗ ತಮ್ಮದೇ ಮೊಬೈಲ್ ನಂಬರ್ ಕೊಟ್ಟಿದ್ದರು. ಆಮೇಲೆ ಬೇರೆ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದರು. ಒಳ್ಳೆಯ ಮನುಷ್ಯ, ಫೋನ್ ಮಾಡಿದರೆ ಓಟಿಪಿ ಹೇಳುತ್ತಿದ್ದರು. ಒಂದು ತಿಂಗಳು ಮಾತ್ರ 20ನೇ ತಾರೀಖೇ ಅವರ ಮಗಳ ಮದುವೆ ಬಂತು. ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸುವ 3ಬಿ ರಿಟರ್ನ್ ತುಂಬಲು ಅದೇ ಕೊನೆಯ ದಿನ. ಫೋನ್ ಎತ್ತಲಿಲ್ಲ. ಮಗಳ ಮದುವೆಯಲ್ಲಿ ಯಾರು ಎತ್ತುತ್ತಾರೆ ಹೇಳಿ?

ಮರುದಿನ ತುಂಬಿದೆವು. ದಿನಕ್ಕೆ 50 ರೂಪಾಯಿ ತಡದ ಶುಲ್ಕ, ಕಟ್ಟಬೇಕಿದ್ದ ತೆರಿಗೆಗೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಒಂದು ದಿನದ ಬಡ್ಡಿ. ದುಡ್ಡು ದೊಡ್ಡದಲ್ಲ. ಆದರೆ ಸಾವಕಾರ್ರು ಗಲ್ಲೆಯ ಮೇಲೆ ಕೂತು ಒಂದೇ ಮಾತು ಹೇಳಿದರು: "ಅಲ್ಲವಾ, ಅಂಗಡಿ ನಂದು, ಚಾವಿ ಮಂದಿ ಕಿಸೇದಾಗ ಐತಲ್ಲ!"

ಅವತ್ತಿನಿಂದ ನಾವು ಏನೇನು ಸರಿ ಮಾಡಿಕೊಂಡೆವು ಅನ್ನೋದನ್ನ ಬರೆಯುತ್ತಿದ್ದೇನೆ. ನಾನು ಬಾಗಲಕೋಟೆಯಲ್ಲಿ ಬಿ.ಕಾಂ. ಓದಿದವಳು, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ನೀವೂ ಮಾಡಬಹುದು.

ಮೊದಲು ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ ತಗೊಂಡು ಮೂರು ಗೆರೆ ಎಳೆಯಿರಿ: ಯಾವ ಮಾಹಿತಿ, ಎಲ್ಲಿದೆ, ಯಾರ ಕೈಯಲ್ಲಿದೆ. ಜಿಎಸ್‌ಟಿ ಲಾಗಿನ್, ಬ್ಯಾಂಕ್, ವಾಟ್ಸಾಪ್, ಕ್ಯೂಆರ್ ಕೋಡ್, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ನೇಕಾರರ ಲೆಕ್ಕ, ಉದ್ರಿ, ಎಲ್ಲವನ್ನೂ ಬರೆಯಿರಿ. ನಮ್ಮ ಪಟ್ಟಿ ನಾಲ್ಕು ಪುಟ ಆಯಿತು. ಅರ್ಧದಷ್ಟು ಸಾಲುಗಳಲ್ಲಿ ಮೂರನೇ ಕಾಲಂನಲ್ಲಿ ಸಾವಕಾರ್ರ ಹೆಸರೇ ಇರಲಿಲ್ಲ. ವಾಟ್ಸಾಪ್ ನಂಬರ್ ಸೇಲ್ಸ್ ಹುಡುಗನದು. ಇಮೇಲ್ ಅಂತೂ ಪಕ್ಕದ ಜೆರಾಕ್ಸ್ ಅಂಗಡಿಯವ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗಷ್ಟೇ ಗೊತ್ತಿತ್ತು.

ಅಂಗಡಿ ಹೆಸರಲ್ಲೇ ಒಂದು ಸಿಮ್ ತಗೊಂಡು, ಹಳೇ ಸಾದಾ ಫೋನಿಗೆ ಹಾಕಿ, ಗಲ್ಲೆಯ ಹತ್ತಿರ ಇಟ್ಟೆವು. ಆಮೇಲೆ ಒಂದೊಂದಾಗಿ ನಂಬರ್ ಬದಲಿಸಿದೆವು. ಜಿಎಸ್‌ಟಿಯಲ್ಲಿ ಲಾಗಿನ್ ಆದ ಮೇಲೆ ನೋಂದಣಿ ತಿದ್ದುಪಡಿಯ ಕೆಳಗೆ 'ನಾನ್ ಕೋರ್' ಅಂತ ಇರುತ್ತದೆ. ಅಲ್ಲಿ ಸಹಿ ಮಾಡುವವರ ಮೊಬೈಲ್, ಇಮೇಲ್ ಬದಲಿಸಬಹುದು, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಪಾಸ್‌ವರ್ಡೂ ಇಲ್ಲ, ಹಳೇ ನಂಬರೂ ಸಿಗುತ್ತಿಲ್ಲ ಅಂದರೆ ದಾಖಲೆ ಹಿಡಿದುಕೊಂಡು ನಿಮ್ಮ ವ್ಯಾಪ್ತಿಯ ತೆರಿಗೆ ಕಚೇರಿಗೇ ಹೋಗಬೇಕು. ಈ ಕೆಲಸ ಮುಂದಕ್ಕೆ ಹಾಕಬೇಡಿ. 50,000 ರೂಪಾಯಿ ದಾಟಿದ ಸರಕು ಕಳಿಸಲು ಇ-ವೇ ಬಿಲ್ ಬೇಕಲ್ವಾ, ಅದರ ಲಾಗಿನ್‌ಗೂ 2025ರ ಏಪ್ರಿಲ್‌ನಿಂದ ಎಲ್ಲರಿಗೂ ಓಟಿಪಿ ಕಡ್ಡಾಯ. ಗಾಡಿ ಬಾಗಿಲಲ್ಲಿ ನಿಂತಿರುತ್ತದೆ, ಓಟಿಪಿ ಇನ್ನೆಲ್ಲೋ ಇರುತ್ತದೆ.

ಇನ್ನು ಹೆಸರಿನ ವಿಷಯ. ಇದಕ್ಕೆ ನಾವು ಜಾಸ್ತಿ ದಿನ ಕೂತೆವು. ಒಂದೇ ಸೀರೆಗೆ ನಮ್ಮಲ್ಲಿ ಮೂರು ಹೆಸರಿದ್ದವು. ನೇಕಾರರು ದಡಿ, ಅಂದರೆ ಅಂಚಿನ ಹೆಸರು ಹೇಳುತ್ತಾರೆ: ಚಿಕ್ಕಿ, ಗೋಮಿ, ಗಾಡಿ. ಸೋಲಾಪುರದ ಗಿರಾಕಿ ಬಣ್ಣ ಹೇಳುತ್ತಾನೆ. ಟ್ಯಾಲಿಯಲ್ಲಿ 'ಸಿಲ್ಕ್ 2' ಅಂತ ಇತ್ತು. ಅದು ಯಾವ ಸೀರೆ ಅಂತ ತಿಳಿಯಲು ಮತ್ತೆ ಹುಬ್ಬಳ್ಳಿಗೇ ಫೋನ್!

ಈಗ ನಮ್ಮ ಕೋಡ್ ಹೀಗಿದೆ: ರೇನೂ-9-ಗೋ-ದಾಳಿಂಬೆ. ರೇಷ್ಮೆ ಮತ್ತು ಹತ್ತಿ ನೂಲು ಸೇರಿದ್ದು, ಒಂಬತ್ತು ವಾರ, ಗೋಮಿ ದಡಿ, ದಾಳಿಂಬೆ ಬಣ್ಣ. ನೂಲಿನ ಜಾತಿ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಸರಕು ಯಾವ ಬಗೆಯದು ಅಂತ ತಿಳಿಸಲು ಬಿಲ್ಲಿನಲ್ಲಿ ಹಾಕುವ ಎಚ್‌ಎಸ್‌ಎನ್ ನಂಬರ್ ಅದರ ಮೇಲೇ ನಿಂತಿದೆ. ಅಪ್ಪಟ ಹತ್ತಿಯದಕ್ಕೆ 5208, ರೇಷ್ಮೆಯದಕ್ಕೆ 5007. ಕೋಡಿನಲ್ಲಿ ರೇಟು ಸೇರಿಸಬೇಡಿ. ನಾವು ಸೇರಿಸಿದ್ದೆವು, ನೂಲಿನ ರೇಟು ಏರಿದ ವಾರವೇ ಎಲ್ಲ ಚೀಟಿ ಹರಿದು ಹೊಸದು ಬರೆಯಬೇಕಾಯಿತು. ಕಪಾಟಿನ ನಂಬರೂ ಬೇಡ, ಸೀರೆ ಜಾಗ ಬದಲಿಸುತ್ತಲೇ ಇರುತ್ತದೆ.

ಬಣ್ಣದ್ದೇ ದೊಡ್ಡ ಜಗಳ. ನನಗೆ ನವಿಲು ಹಸಿರು ಕಂಡದ್ದು ಸೇಲ್ಸ್ ಹುಡುಗನಿಗೆ ಗಿಣಿ ಹಸಿರು. ವಾಟ್ಸಾಪ್ ಫೋಟೋದಲ್ಲಿ ಅದು ಮೂರನೆಯದೇ ಆಗಿರುತ್ತದೆ. ಕೊನೆಗೆ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಪ್ರತಿ ಬಣ್ಣದ ನಾಲ್ಕು ಬೆರಳು ನೂಲು ಅಂಟಿಸಿ, ಕೆಳಗೆ ಹೆಸರು ಬರೆದೆ. ಅದರಲ್ಲಿ ಏನಿದೆಯೋ ಅದೇ ಹೆಸರು. ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದ ತಂತ್ರಜ್ಞಾನ ಅಂದರೆ ಆ ಪುಸ್ತಕ, ಫೆವಿಕಾಲ್ ಡಬ್ಬಿ.

ನೇಕಾರರ ಲೆಕ್ಕದಲ್ಲಿ ನಾನೇ ಎಡವಿದೆ. ನಾವು ಹಾಸು, ಹೊಕ್ಕು (ಉದ್ದದ ನೂಲು, ಅಡ್ಡ ನೂಲು) ತೂಗಿ ಕೊಡುತ್ತೇವೆ, ಅವರು ಮನೆಯ ಮಗ್ಗದಲ್ಲಿ ನೇಯ್ದು ಸೀರೆ ತರುತ್ತಾರೆ. ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಎಷ್ಟು ಮುಂಗಡ, ಇದೇ ನಮ್ಮ ವ್ಯಾಪಾರದ ಜೀವ. ನಾನು ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಫೋನ್ ಆ್ಯಪಿಗೆ ಹಾಕಿ, ಕೈಪುಸ್ತಕ ಬಂದ್ ಮಾಡಿಸಿದೆ. ಎರಡನೇ ವಾರ ಒಬ್ಬ ಹಿರಿಯ ನೇಕಾರರು ಬಂದು ನಿಂತರು. "ಅಕ್ಕಾರ, ನಿಮ್ಮ ಫೋನಿನ್ಯಾಗಿಂದು ನನಗ ಹ್ಯಾಂಗ ತಿಳೀಬೇಕ್ರಿ? ನನ್ನ ಬುಕ್ಕಿನ್ಯಾಗ ಬರೀರಿ." ಅವರು ಹೇಳಿದ್ದು ಸರಿ. ಲೆಕ್ಕ ಇಬ್ಬರದು, ಕಾಣುವುದು ಮಾತ್ರ ನನಗೊಬ್ಬಳಿಗೇ ಅಂದರೆ ಅದು ಲೆಕ್ಕವೇ ಅಲ್ಲ.

ಈಗ ಕೈಪುಸ್ತಕ ವಾಪಸ್ ಬಂದಿದೆ. ನೂಲು ತಕ್ಕಡಿಯಿಂದ ಇಳಿಯುವ ಮೊದಲೇ ಅವರ ಪುಸ್ತಕದಲ್ಲಿ ತೂಕ ಬರೆದು ಸಹಿ ಹಾಕುತ್ತೇನೆ. ನಮ್ಮ ರಿಜಿಸ್ಟರ್‌ನಲ್ಲಿ ಅವರ ಸಹಿ. ಸಂಜೆ ಅದನ್ನು ಟ್ಯಾಲಿಗೆ ಏರಿಸುತ್ತೇನೆ. ಟ್ಯಾಲಿಯಲ್ಲಿ ಪ್ರತಿ ನೇಕಾರರ ಹೆಸರಲ್ಲಿ ಒಂದು ಗೋಡೌನ್ ಮಾಡಿ, ನಮ್ಮ ಮಾಲು ಬೇರೆಯವರ ಹತ್ತಿರ ಇದೆ ಅಂತ ಗುರುತು ಹಾಕಬಹುದು. ಯಾರ ಮನೆಯಲ್ಲಿ ಎಷ್ಟು ನೂಲಿದೆ ಅಂತ ಒಂದೇ ಪರದೆಯಲ್ಲಿ ಕಾಣುತ್ತದೆ. ಪುಸ್ತಕಕ್ಕೂ ಕಂಪ್ಯೂಟರಿಗೂ ತಾಳೆ ಆಗದಿದ್ದರೆ ಪುಸ್ತಕದ ಮಾತೇ ನಡೆಯುತ್ತದೆ. ಅದರಲ್ಲಿ ಇಬ್ಬರೂ ನೋಡಿ ಬರೆದದ್ದಿದೆ.

ಬ್ಯಾಕಪ್ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿದರೆ ಆಯಿತು, ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಎರಡು ಪೆನ್‌ಡ್ರೈವ್ ಇವೆ, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು. ಸೋಮವಾರ ಕೆಂಪು, ಗುರುವಾರ ಹಸಿರು. ಒಂದು ಯಾವಾಗಲೂ ಸಾವಕಾರ್ರ ಮನೆಯಲ್ಲಿರುತ್ತದೆ. ಅಂಗಡಿಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಕಂಪ್ಯೂಟರ್ ಪಕ್ಕದ ಪೆನ್‌ಡ್ರೈವೂ ಹೋಗುತ್ತದಲ್ಲ. ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿಟ್ಟೇ ಬಿಡಬೇಡಿ. ವೈರಸ್ ಬಂದರೆ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಗೂಗಲ್ ಡ್ರೈವ್‌ಗೂ ವಾರಕ್ಕೊಮ್ಮೆ ಹಾಕುತ್ತೇವೆ.

ಬ್ಯಾಕಪ್ ತೆರೆದು ನೋಡದಿದ್ದರೆ ಅದು ಸುಮ್ನೆ ಸಮಾಧಾನ. ತಿಂಗಳಿಗೊಮ್ಮೆ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ರಿಸ್ಟೋರ್ ಮಾಡಿ, ನಗದು ಬಾಕಿ ನೋಡಿ. ಬೇರೆ ಫೋಲ್ಡರ್ ಅನ್ನೋದನ್ನ ಮರೆಯಬೇಡಿ. ಇದ್ದ ಜಾಗಕ್ಕೇ ರಿಸ್ಟೋರ್ ಮಾಡಿದರೆ ಹಳೇ ಲೆಕ್ಕ ಬಂದು ಇವತ್ತಿನ ಲೆಕ್ಕದ ಮೇಲೆ ಕೂರುತ್ತದೆ. ಒಂದು ಸಲ ನಾನು ಹೀಗೆ ಮೂರು ದಿನದ ಎಂಟ್ರಿ ಕಳಕೊಂಡು, ರಾತ್ರಿ ಹನ್ನೊಂದರವರೆಗೆ ಬಿಲ್ ಬುಕ್ ನೋಡಿ ಬರೆದಿದ್ದೇನೆ.

ಕ್ಯೂಆರ್ ವಿಷಯ ಸಣ್ಣದು. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ದುಡ್ಡು ಬಂತು ಅಂತ ಹೇಳುವ ಡಬ್ಬಿ ಕೂಗಲಿ ಇಲ್ಲವೇ ಬ್ಯಾಂಕ್ ಆ್ಯಪಿನಲ್ಲಿ ಕಾಣಲಿ. ಬೆಳಿಗ್ಗೆ ಬಾಗಿಲು ತೆಗೆದಾಗ ಯಾರಾದರೂ ನಿಮ್ಮ ಕ್ಯೂಆರ್ ಮೇಲೆ ಬೇರೆ ಸ್ಟಿಕರ್ ಅಂಟಿಸಿದ್ದಾರಾ ನೋಡಿ. ದುಡ್ಡು ಬರಲು ಪಿನ್ ಹಾಕಬೇಕಿಲ್ಲ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಮೋಸ ಆಗಿಹೋದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಹಳೇ ಕಾಗದ ಎಷ್ಟು ದಿನ ಇಡಬೇಕು? ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ವಾರ್ಷಿಕ ರಿಟರ್ನಿಗೆ 31 ಡಿಸೆಂಬರ್ 2024 ಕೊನೆ ಇತ್ತು, ಆ ಕಟ್ಟು 2030ರ ಡಿಸೆಂಬರ್ ಮುಗಿಯುವವರೆಗೆ ಅಟ್ಟದಲ್ಲಿರಲಿ. ಕಟ್ಟಿನ ಮೇಲೆಯೇ ಆ ತಾರೀಖು ಬರೆದುಬಿಡಿ. ಥರ್ಮಲ್ ಪೇಪರಿನ ಬಿಲ್ಲುಗಳು ಅಷ್ಟು ದಿನ ಬಾಳುವುದಿಲ್ಲ, ಅಕ್ಷರ ಮಾಸುತ್ತವೆ. ಬಂದ ದಿನವೇ ಫೋಟೋ ತೆಗೆದಿಡಿ.

ಕೆಲಸದವರು ಬಿಟ್ಟು ಹೋದ ದಿನವೇ ಪಾಸ್‌ವರ್ಡ್ ಬದಲಿಸಿ, ವಾಟ್ಸಾಪಿನಲ್ಲಿ ಲಿಂಕ್ ಆದ ಕಂಪ್ಯೂಟರ್‌ಗಳನ್ನು ತೆಗೆಯಿರಿ. ಅವರ ಮೇಲೆ ಅನುಮಾನಪಟ್ಟು ಅಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಅವರ ಮೇಲೆ ಮಾತು ಬರಬಾರದು.

ಇದೇ ಕಾನೂನು ನನಗೂ ಇರಬೇಕಲ್ಲ. ಎಲ್ಲ ಲಾಗಿನ್, ಪಾಸ್‌ವರ್ಡ್, ಯಾವ ತಾರೀಖಿಗೆ ಯಾವ ಕೆಲಸ ಅಂತ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಸಾವಕಾರ್ರ ತಿಜೋರಿಯಲ್ಲಿ ಇಟ್ಟಿದ್ದೇನೆ. ಹೋದ ಶ್ರಾವಣದಲ್ಲಿ ಬೇಕಂತಲೇ ನಾಲ್ಕು ದಿನ ರಜೆ ಹಾಕಿ ತವರಿಗೆ ಹೋದೆ. ಹೊಸದಾಗಿ ಬಂದ ಹುಡುಗಿಗೆ ಒಂದೇ ಷರತ್ತು: ಏನೇ ಇದ್ದರೂ ಮೊದಲು ಲಕೋಟೆ ನೋಡಬೇಕು, ಅದರಲ್ಲಿ ಇಲ್ಲದಿದ್ದರೆ ಮಾತ್ರ ನನಗೆ ಫೋನ್. ಬಿಲ್ಲು, ಇ-ವೇ, ಬ್ಯಾಕಪ್ ಎಲ್ಲ ಒಬ್ಬಳೇ ಮಾಡಿದಳು. ಎರಡನೇ ದಿನ ಮಧ್ಯಾಹ್ನ ಒಂದೇ ಒಂದು ಫೋನ್ ಬಂತು.

"ಅಕ್ಕಾ, ಪ್ರಿಂಟರ್ ಶಾಯಿ ಎಲ್ಲಿಟ್ಟೀರಿ?"

ಅದೊಂದನ್ನ ಬರೆದಿರಲಿಲ್ಲ.